ಬೇರಿನ ಗಂಟು

ಎಲೈ ಅಂಬಾರಾಮ, ಮಾಚ್ ಬಯಲಾಟದ ಮಹಾರಾಜನೇ! ಚಿತೆಯೇರಿದವನಿಗೆ ಅಂಚೆಯಿಲ್ಲವೆಂದು ಬಲ್ಲೆ, ಆದರೂ ಕೇಳು.

ಇಂದು ನಿನ್ನ ಮೇಳದವರು ನಮ್ಮ ಸೋಯಾ ಹೊಲಕ್ಕೇ ಬಂದಿದ್ದರು. "ಅಂಬಾರಾಮ ಮಾಡ್ತಿದ್ದ ರಾಜನ ಪಾತ್ರಕ್ಕೆ ಗಂಟಲಿರೋನು ನೀನೊಬ್ನೇ, ಭೇರು. ಈಗ್ಲೇ ಹೊರಡು ಮಾರಾಯ," ಎಂದರು.

ನಾನು ಬಾಯಿ ತೆರೆಯುವ ಮೊದಲೇ ಮಾವ ಬಗಡೀರಾಮರು ಒಂದು ಗಿಡ ಕಿತ್ತು, ಬೇರಿನ ಗಂಟೊಂದನ್ನು ಉಗುರಿನಲ್ಲಿ ಸೀಳಿದರು. ಒಳಗೆ ರಕ್ತದಂಥ ಕೆಂಪು!

"ನೋಡ್ರಪ್ಪಾ, ಬೆಲ್ಲದ ನೀರಲ್ಲಿ ಕಲಸಿ ಬೀಜಕ್ಕೆ ಸವರಿದ್ವಲ್ಲ, ಆ ಸೂಕ್ಷ್ಮಜೀವಿಗಳು ಇದರೊಳಗೇ ಮನೆ ಮಾಡ್ಕೊಂಡಿವೆ. ಗಿಡ ಸಿಹಿ ಉಣಿಸುತ್ತೆ, ಅವು ಗಾಳಿಯಿಂದ ಗೊಬ್ಬರ ತೆಗೀತವೆ. ನಮ್ಮ ಮನೆ ಅಳಿಯನೂ ಹಂಗೇ. ಒಳಗೆ ಬಂದೋನು ಆಚೆ ಎಲ್ಲಿಗೆ ಹೋಗ್ತಾನೆ?"

ಮೇಳದವರೂ ನಕ್ಕರು. ಬುತ್ತಿ ತಂದಿದ್ದ ನನ್ನ ಹೆಂಡತಿ ಸುಗನಾ ಮಾತ್ರ ನಗದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಹಿಂದೊಮ್ಮೆ ನೀನು ಇದೇ ಬದುವಿನ ಮೇಲೆ ನಿಂತು ಮೇಳಕ್ಕೆ ಕರೆದಾಗಲೂ ಹೀಗೆಯೇ ನೋಡಿದ್ದಳು.

ಅಯ್ಯಾ, ಊರಾಚೆಗೂ ಮೊಳಗುತ್ತಿದ್ದ ಕಂಠವಿದು! ಅದರಿಂದ ಹೊರಟದ್ದು ಒಂದೇ ಮಾತು: "ಬಂದಿದ್ದೀರಿ, ಊಟ ಮಾಡ್ಕೊಂಡು ಹೋಗಿ."

ಅವರು ಹೋದ ಮೇಲೆ ಸೋಯಾ ಸಾಲುಗಳ ನಡುವೆ ಕೂತು, ನಿನ್ನ ರಾಜನ ಮಾತುಗಳನ್ನು ಮೊದಲಿನಿಂದ ಕೊನೆಯವರೆಗೂ ಹೇಳಿದೆ, ಮಾವನಿಗೆ ಕೇಳಿಸದಷ್ಟು ಮೆಲ್ಲಗೆ.