ಅಡಿಗಿ ಕಟ್ಟಿಯ ಎತ್ತರ

ಹರಪನಹಳ್ಳಿ
ಸೋಮವಾರ

ನಮ್ಮ ಮನಿಯವರಿಗೆ ಪುಷ್ಪಾವತಿಯ ನಮಸ್ಕಾರ.

ಫೋನಿನ್ಯಾಗ ಹೇಳಿದ್ರ ನಗ್ತೀರಿ, ಅದಕ್ಕ ಬರದೀನಿ. ಮಾರೋ ಮನಿ ನೋಡಾಕ ಬರೋರಿಗೆ ಚೆಂದ ಕಾಣ್ಲಿ ಅಂತ ಸುಣ್ಣ ಬಳಿಸೀನಿ. ತೀರಿಹೋದ ನಿಮ್ಮ ಮೊದಲ ಹೆಂಡ್ತಿ ಕೊಟ್ರಮ್ಮಕ್ಕನ ಎತ್ತರಕ್ಕ ನೀವು ಕಟ್ಟಿಸಿದ ಅಡಿಗಿ ಕಟ್ಟಿನೂ ತಿಕ್ಕಿ ತೊಳದೀನಿ. ಕಟ್ಟಿ ಎಟುಕಲಾರದಕ್ಕ ಒಂಬತ್ತು ವರ್ಷ ನಾನು ಹತ್ತಿ ನಿಂತು ರೊಟ್ಟಿ ಬಡದ ಕಟ್ಟಿಗಿ ಮಣಿ ಮಾತ್ರ ಅಟ್ಟದಾಗ ಮುಚ್ಚಿಟ್ಟಿದ್ದೆ.

ನಿನ್ನೆ ತೆಲಿಗಿಯಿಂದ ಗಂಡ ಹೆಂಡ್ತಿ ಬಂದಿದ್ರು. ಹೆಂಡ್ತಿ ಎತ್ತರದಾಕಿ. ಕಟ್ಟಿ ಮುಂದ ನಿಂತು, "ನನ್ನ ಅಳತಿ ತಗೊಂಡು ಕಟ್ಟಿಸಿದಂಗ ಐತಿ ನೋಡ್ರಿ" ಅಂದ್ಲು. ಗಂಡನೂ ಒಪ್ಪಿದ. ಮನಿ ಆಗಲೇ ಮಾರಿ ಆಗೇತಿ ಅಂತ ಹೇಳಿ ಕಳಿಸೀನಿ.

ಕೊಟ್ಟೂರಿನ ಹೊಸ ಮನಿಗೆ ಮೇಸ್ತ್ರಿ ಅಳತಿ ತಗೊಳೋವಾಗ ನನ್ನ ಕರಸ್ರಿ. ಈ ಮನಿಗೆ ಗಿಡ್ಡ ಹೆಂಡ್ತಿ ಇರೋರನ್ನ ಹುಡುಕ್ರಿ. ಮಣಿ ಪುಕ್ಕಟೆ ಕೊಡ್ತೀನಿ.

ನಿಮ್ಮ
ಪುಷ್ಪಾವತಿ