ತಿಗಣೆಯಿಂದ ರೋಗ ಬರುವುದಿಲ್ಲ ಎಂದ ಆರೋಗ್ಯಾಧಿಕಾರಿಗಳಿಗೆ

ಮಾನ್ಯ ಆರೋಗ್ಯಾಧಿಕಾರಿಗಳೇ,

ನಮ್ಮ ಬಸ್ ಡಿಪೋದ ವಿಶ್ರಾಂತಿ ಕೊಠಡಿಯ ತುಂಬ ತಿಗಣೆ. ಇದನ್ನು ಬರೆದು ತಿಳಿಸಿದ್ದಕ್ಕೆ ನೀವು ಕಳಿಸಿದ ಉತ್ತರ ನನ್ನ ಮುಂದಿದೆ: 'ತಿಗಣೆಗಳು ಮನುಷ್ಯರಿಗೆ ರೋಗ ಹರಡುತ್ತವೆಂಬುದಕ್ಕೆ ಪುರಾವೆಯಿಲ್ಲ. ಆದ್ದರಿಂದ ಈ ವಿಷಯ ನಮ್ಮ ವ್ಯಾಪ್ತಿಗೆ ಬರುವುದಿಲ್ಲ.' ಎಂಥ ಸಮಾಧಾನದ ಮಾತು! ಓದಿದ ಕೂಡಲೇ ನಮ್ಮ ತುರಿಕೆ ನಿಂತುಹೋಗಬೇಕಿತ್ತು. ತಿಗಣೆಗಳಿಗೆ ಯಾರೂ ಓದಿ ಹೇಳಲಿಲ್ಲವೋ ಏನೋ, ಅವು ಕಚ್ಚುವುದನ್ನು ಬಿಟ್ಟಿಲ್ಲ.

ನಿಮ್ಮ ವಿಜ್ಞಾನದ ಬಗ್ಗೆ ನನ್ನ ತಕರಾರಿಲ್ಲ. ಸೊಳ್ಳೆಯಂತೆ ಜ್ವರ ಹೊತ್ತು ತರುವ ಜಾತಿ ಅದಲ್ಲವೆಂದು ವೈದ್ಯರೂ ಹೇಳಿದರು. ಆದರೆ ನಮ್ಮ ಬಸ್ಸಿನ ಚಾಲಕರ ಕಥೆಯನ್ನೂ ಸ್ವಲ್ಪ ಕೇಳಿ. ನಾನು ಕಂಡಕ್ಟರ್, ಅವರನ್ನು ಅಣ್ಣ ಎನ್ನುತ್ತೇನೆ. ನಮಗೆ ನಸುಕಿನಲ್ಲೊಂದು ಪಾಳಿ, ಸಂಜೆಗೊಂದು ಪಾಳಿ. ನಡುವಿನ ಮಧ್ಯಾಹ್ನ ಅಣ್ಣ ಆ ಕೊಠಡಿಯಲ್ಲೇ ನಿದ್ದೆ ತೀರಿಸಿಕೊಳ್ಳಬೇಕು. ಪರದೆ ಎಳೆದು ಕಣ್ಣು ಮುಚ್ಚುವುದೇ ತಡ, ಹಾಸಿಗೆಯ ಹೊಲಿಗೆಯಿಂದ, ಮಂಚದ ಸಂದಿಯಿಂದ ಅವು ಹೊರಡುತ್ತವೆ. ಹೊರಗಿನ ಬೆಂಚಿಗೆ ಹೋದರೆ ಅಲ್ಲೂ ಅವೇ. ತುರಿಸಿ ತುರಿಸಿ ಅಣ್ಣನ ಮೊಣಕೈ ಹುಣ್ಣಾಗಿ ಕೀವು ತುಂಬಿತು. ಇದೂ ರೋಗವಲ್ಲ, ಅಲ್ಲವೇ? ವೈದ್ಯರು ತುರಿಕೆಗೆ ಗುಳಿಗೆ ಬರೆದು, "ಇದು ತಗೊಂಡ್ರೆ ತೂಕಡಿಕೆ ಬರುತ್ತೆ, ಗಾಡಿ ಓಡಿಸ್ಬೇಡಿ" ಎಂದರು. ಅಣ್ಣ ನನ್ನ ಮುಖ ನೋಡಿದರು. "ತೂಕಡಿಕೆಗೆ ಗುಳಿಗೆ ಬೇರೆ ಬೇಕೇನಮ್ಮಾ? ಅದು ಪುಕ್ಕಟೆ ಸಿಗ್ತಾ ಇದೆಯಲ್ಲ!"

ಒಂದು ಸಂಜೆ, ಶಾಲೆ ಬಿಡುವ ಹೊತ್ತು, ಮಕ್ಕಳು ರಸ್ತೆ ದಾಟುವಲ್ಲಿ ಬಸ್ಸು ನಿಧಾನವಾಗಲೇ ಇಲ್ಲ. ಟಿಕೆಟ್ ಹರಿಯುತ್ತಿದ್ದ ನಾನು ತಲೆಯೆತ್ತಿದರೆ, ಕನ್ನಡಿಯಲ್ಲಿ ಅಣ್ಣನ ಕಣ್ಣು ಮುಚ್ಚಿದೆ. "ಅಣ್ಣಾ! ಬ್ರೇಕ್ ಹಾಕಣ್ಣಾ!" ಎಂದು ಕಿರುಚಿದೆ. ಬಸ್ಸು ನಿಂತಾಗ ಮಕ್ಕಳಿಗೂ ಅದಕ್ಕೂ ನಡುವೆ ಒಂದು ಮಾರು ಜಾಗ ಉಳಿದಿತ್ತು. ಅಣ್ಣ ಸ್ಟೇರಿಂಗಿಗೆ ಹಣೆಯಿಟ್ಟು ಅತ್ತರು. ಮರುದಿನ ರಜೆ ಕೇಳಿದರೆ ಡಿಪೋದವರು, "ಏನು ಕಾಯಿಲೆ ಅಂತ ಬರೆಸ್ಕೊಂಡು ಬನ್ನಿ" ಎಂದರು. ಕಾಯಿಲೆಯೇ ಅಲ್ಲವೆಂದು ನೀವು ಬರೆದುಕೊಟ್ಟಿದ್ದೀರಲ್ಲ!

ಅಂದಿನಿಂದ ನನಗೊಂದು ಹೊಸ ಕೆಲಸ. ಸುಮ್ಮನೆ ಮಾತನಾಡಿಸಿದರೆ ಅಣ್ಣ ಹೂಂ ಹೂಂ ಎನ್ನುತ್ತಲೇ ಜಾರುತ್ತಾರೆ. ಕೋಪ ಬಂದರೆ ಮಾತ್ರ ಎಚ್ಚರ. ಹಾಗಾಗಿ ದಾರಿಯುದ್ದಕ್ಕೂ ಅವರನ್ನು ಕೆಣಕುತ್ತೇನೆ.

"ಏನಣ್ಣಾ, ನಿನಗೆ ಲೈಸೆನ್ಸ್ ಕೊಟ್ಟೋನು ಯಾವನು?"

"ಬಾಯಿ ಮುಚ್ಚೇ! ನೀನು ಹುಟ್ಟೋಕೆ ಮುಂಚೆ ಸ್ಟೇರಿಂಗ್ ಹಿಡಿದೋನು ನಾನು!"

ಹೀಗೆ ಸಿಡಿದರೆ ಮುಂದಿನ ಎರಡು ನಿಲ್ದಾಣ ನೆಮ್ಮದಿ. ಅವರ ಬೋಳುತಲೆ, ಅವರ ಹಾಡು, ಅವರ ಅಳಿಯನ ಸೋಮಾರಿತನ, ಯಾವುದನ್ನೂ ನಾನು ಬಿಟ್ಟಿಲ್ಲ. ಅವರ ತಲೆಯ ಮೇಲೇ 'ಚಾಲಕರೊಂದಿಗೆ ಮಾತನಾಡಬಾರದು' ಎಂಬ ಫಲಕವಿದೆ. ಪ್ರಯಾಣಿಕರು ದೂರು ಕೊಟ್ಟು, ದುರ್ವರ್ತನೆಗೆ ನನಗೆ ನೋಟಿಸೂ ಬಂದಾಯಿತು. ಒಬ್ಬ ಹಿರಿಯರಂತೂ, "ಹೆಣ್ಣುಮಗಳಿಗೆ ಇಷ್ಟು ಬಾಯಾ?" ಎಂದು ಮುಖ ಸಿಂಡರಿಸಿದರು. ಹೌದು ಸ್ವಾಮಿ, ಈ ಬಾಯಿಂದಲೇ ನೀವು ದಿನಾ ಮನೆ ಸೇರುತ್ತಿದ್ದೀರಿ.

ಈಗ ಆ ಬಾಯಿಯೂ ಸೋಲುತ್ತಿದೆ, ಅದಕ್ಕೇ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ಮೊನ್ನೆ ಅವರ ಅಳಿಯನ ವಿಷಯ ಎತ್ತಿ ಬಾಯಿಗೆ ಬಂದಂತೆ ಬೈದೆ. ಅಣ್ಣನಿಗೆ ಕೋಪ ಬರಲಿಲ್ಲ. ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕರು. "ಬೈತಾ ಇರಮ್ಮಾ. ಜೋಗುಳ ಕೇಳಿದ ಹಾಗಾಗುತ್ತೆ."

ಆ ಹಾಸಿಗೆ, ಮಂಚಗಳನ್ನು ಈ ವಾರವೇ ತೆಗೆಸಿ. ಸಂದಿಗೊಂದಿಗೆಲ್ಲ ಬಿಸಿ ಹಬೆ ಹಾಯಿಸಿ. ಅಲ್ಲಿಯವರೆಗೆ ಚಾಲಕರಿಗೆ ಮಲಗಲು ಬೇರೆ ಜಾಗ ಕೊಡಿಸಿ. ಆಗದಿದ್ದರೆ ನಿಮ್ಮ ಉತ್ತರವನ್ನು, ನಿಮ್ಮ ಸಹಿ ಕಾಣುವಂತೆ, ಬಸ್ಸಿನ ಬಾಗಿಲಿಗೆ ಅಂಟಿಸುತ್ತೇನೆ. ಹತ್ತುವವರು ಓದಿಕೊಂಡೇ ಹತ್ತಲಿ. ಇವತ್ತು ಸಂಜೆಯೂ ಶಾಲೆ ಬಿಡುವ ಹೊತ್ತಿಗೆ ನಮ್ಮ ಬಸ್ಸು ಅಲ್ಲಿರುತ್ತದೆ. ಬೈಯಲು ಹೊಸದೇನೂ ನನಗೆ ತೋಚುತ್ತಿಲ್ಲ.

ಇಂತಿ,
ನಿಮ್ಮ ಪ್ರಕಾರ ಯಾವ ರೋಗವೂ ಇಲ್ಲದ ಬಸ್ಸಿನ
ಬಾಯಿಬಡುಕಿ ಕಂಡಕ್ಟರ್