ಮೂವತ್ತೆಂಟನೇ ಪುಟದ ಮಳೆಕೋಟು

ಮುಂದಿನ ಸಾಂಕ್ರಾಮಿಕಕ್ಕೆ ಈಗಲೇ ಯೋಜನೆ ಬರೆಯುತ್ತಿರುವ ಆರೋಗ್ಯ ಇಲಾಖೆಯ ಮುಖ್ಯಾಧಿಕಾರಿಗಳೇ,

ಕಳೆದ ಸಾಂಕ್ರಾಮಿಕದ ಬಗ್ಗೆ ನೀವು ಬರೆದ ‘ಕಲಿತ ಪಾಠಗಳು’ ವರದಿಯ ಮೂವತ್ತೆಂಟನೇ ಪುಟವನ್ನು ಹರಿದುಹಾಕಿ. ನಮ್ಮಂಥ ಬಡ ದೇಶಗಳ ಸಣ್ಣ ಆಸ್ಪತ್ರೆಗಳು ದುಬಾರಿ ರಕ್ಷಣಾ ಉಡುಪಿಗೆ ಕಾಯಬೇಕಿಲ್ಲ, ಊರಿನ ದರ್ಜಿಯಿಂದ ಮಳೆಕೋಟಿನ ಬಟ್ಟೆಯಲ್ಲಿ ಹೊಲಿಸಿಕೊಂಡರೆ ಸಾಕು ಎಂದು ಅಲ್ಲಿ ಬರೆದಿದ್ದೀರಿ. ‘ಸ್ಥಳೀಯ ಜಾಣ್ಮೆ’ ಎಂಬ ಬಿರುದು ಬೇರೆ. ಆ ಜಾಣ ದರ್ಜಿ ನಾನೇ. ಪಕ್ಕದ ಚಿತ್ರದಲ್ಲಿ ನೀಲಿ ಕೋಟು ತೊಟ್ಟು ನಗುತ್ತಿರುವ ನರ್ಸ್ ನನ್ನ ತಂಗಿ. ಚಿತ್ರ ತೆಗೆದ ಹದಿನೇಳನೇ ದಿನ ಅದೇ ರೋಗದಿಂದ ಅವಳು ಸತ್ತಳು. ಅಷ್ಟು ದಪ್ಪದ ವರದಿಯಲ್ಲಿ ಅದೊಂದು ಸಾಲಿಗೆ ಜಾಗ ಸಾಲಲಿಲ್ಲವೇ?

ಮಾನ್ಯರೇ, ಹೊಲಿಗೆ ಯಂತ್ರದ ಮುಂದೆ ಎಂದಾದರೂ ಕೂತಿದ್ದೀರಾ? ಸೂಜಿ ಇಳಿದಲ್ಲೆಲ್ಲ ತೂತು ಬೀಳುತ್ತದೆ. ಮಳೆಕೋಟಿನ ಬಟ್ಟೆಯಲ್ಲಿ ಆ ತೂತು ಮುಚ್ಚಿಕೊಳ್ಳುವುದಿಲ್ಲ, ಒಳಗಿನಿಂದ ಪಟ್ಟಿ ಅಂಟಿಸಬೇಕು. ಆಸ್ಪತ್ರೆಯವರು ಕೊಟ್ಟ ಪಟ್ಟಿ ಒಂಬತ್ತು ಕೋಟುಗಳಿಗೆ ಮುಗಿಯಿತು. ಹತ್ತನೆಯದನ್ನು ಕಿಟಕಿಗೆ ಹಿಡಿದು ನೋಡಿದರೆ ಹೆಗಲ ಹೊಲಿಗೆಯುದ್ದಕ್ಕೂ ಚುಕ್ಕಿ ಚುಕ್ಕಿ ಬೆಳಕು. ಇನ್ನಷ್ಟು ಪಟ್ಟಿ ಕಳಿಸಿ ಎಂದು ನಿಮ್ಮ ಕಚೇರಿಗೆ ಮೂರು ಸಲ ಫೋನ್ ಮಾಡಿದೆ. “ಹೇಗೋ ಹೊಂದಿಸ್ಕೊಳ್ಳಿ, ಎಲ್ಲಾ ಕಡೆನೂ ಇದೇ ಗತಿ,” ಎಂದರು.

“ಇದನ್ನ ಯಾರಿಗೂ ಕೊಡಬೇಡಮ್ಮ, ತೂತಿದೆ,” ಎಂದೆ ತಂಗಿಗೆ.

“ಒಂಬತ್ತನ್ನ ಚಿಕ್ಕ ನರ್ಸುಗಳಿಗೆ ಕೊಡ್ತೀನಿ, ಇದು ನಂಗಿರ್ಲಿ ಅಣ್ಣ. ಬರೀ ಏಪ್ರನ್ನಲ್ಲಿ ಹೋಗೋದಕ್ಕಿಂತ ವಾಸಿ ಅಲ್ವಾ? ನಿನ್ನ ಹೊಲಿಗೆನ ನೀನೇ ನಂಬಲ್ಲ ಅಂದ್ರೆ ಗಿರಾಕಿಗಳ ಪಾಡೇನು?”

ಅಲ್ಲೇ ತೊಟ್ಟುಕೊಂಡು ಹೋದಳು. ನಾನು ತಡೆಯಲಿಲ್ಲ, ಆ ಪಾಪ ನನ್ನದು. ಆದರೆ ಅದನ್ನೇ ಪಾಠವೆಂದು ಊರೂರಿನ ತಂಗಿಯರಿಗೆಲ್ಲ ತೊಡಿಸಲು ಹೊರಟಿದ್ದೀರಲ್ಲ, ನಿಮ್ಮ ಹೊಟ್ಟೆ ತಣ್ಣಗಿರಲಿ. ನೀವು ಕಲಿಯಬೇಕಿದ್ದುದು ಬಹಳವೇನಿರಲಿಲ್ಲ. ರೋಗ ಬರುವ ಮೊದಲೇ ಪ್ರತಿ ಸಣ್ಣ ಆಸ್ಪತ್ರೆಯ ಉಗ್ರಾಣದಲ್ಲಿ ಸರಿಯಾದ ಉಡುಪು ಇರಬೇಕು. ಮುಗಿಯಿತೆಂದು ಫೋನ್ ಬಂದರೆ, ಎತ್ತಿದವನಿಗೆ ಕಳಿಸಿಕೊಡುವ ಅಧಿಕಾರ ಇರಬೇಕು. ಅದು ಬಿಟ್ಟು ಸತ್ತವಳ ನಗುವನ್ನು ಅಚ್ಚು ಹಾಕಿಸಿದಿರಿ.

ಮೊನ್ನೆ ನನಗೆ ಪ್ರಶಂಸಾಪತ್ರ ಕೊಡಲು ಬಂದಿರಿ. ಚಿತ್ರಕ್ಕೆ ಪಕ್ಕದಲ್ಲಿ ನಿಂತಾಗ ನಿಮ್ಮ ಹೆಗಲು, ಎದೆ, ತೋಳನ್ನು ಕಣ್ಣಳತೆಯಲ್ಲೇ ತೆಗೆದುಕೊಂಡೆ. ನಿಮಗೊಂದು ಕೋಟು ಹೊಲಿದಿದ್ದೇನೆ. ಅದೇ ನೀಲಿ ಬಟ್ಟೆ, ಪಟ್ಟಿ ಅಂಟಿಸಿಲ್ಲ. ನಿಮ್ಮ ಹುದ್ದೆಯ ಹೆಸರು ಬರೆದು, ದಾರಿಹೋಕರಿಗೆಲ್ಲ ಕಾಣುವಂತೆ ಅಂಗಡಿಯ ಮುಂದೆ ನೇತುಹಾಕಿದ್ದೇನೆ. ಆ ಪುಟ ಹರಿದು ಉಗ್ರಾಣಗಳನ್ನು ತುಂಬಿಸಿದ ದಿನ ಇಳಿಸುತ್ತೇನೆ. ಅಷ್ಟರೊಳಗೆ ರೋಗ ಬಂತೋ, ಅದನ್ನು ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತಿರುತ್ತೇನೆ. ನೀವು ತೊಟ್ಟು ಒಳಗೆ ಹೋಗಿ ಎಂಟು ಗಂಟೆ ರೋಗಿಗಳ ನಡುವೆ ಇರಬೇಕು. ಹೆಗಲಿಗೆ ಸರಿಯಾಗಿ ಕೂರುತ್ತದೆ, ಆ ಚಿಂತೆ ಬೇಡ.

ಇಂತಿ,
ತಂಗಿಗೆ ತೂತಿನ ಕೋಟು ಹೊಲಿದುಕೊಟ್ಟ ದರ್ಜಿ